ಮನೆಯಿಂದ ಚಟ್ನಿಪುಡಿ, ಹುಳಿಪುಡಿ ಮಾರೋದು: ಪರವಾನಗಿ, ಪೊಟ್ಟಣ, ಬೆಲೆ, ಅಂಗಡಿ ಲೆಕ್ಕ (ಗುಂಪು ಚರ್ಚೆ; ಪ್ರತಿ ಮಾತಿನ ಮೇಲಿರೋದು ಬರೆದವರ ಅಡ್ಡಹೆಸರು)

ಹೊಸ ಒಲೆ (ಬಸವನಗುಡಿ)

ಬಾಡಿಗೆ ಮನೆ, ಎರಡನೇ ಮಹಡಿ. ಚಟ್ನಿಪುಡಿ, ಹುಳಿಪುಡಿ, ಸಾರಿನಪುಡಿ, ಮೂರೇ ಮೂರು ಪದಾರ್ಥ. ತಿಂಗಳಿಗೆ ಇಪ್ಪತ್ತು ಕೆಜಿಯಿಂದ ಶುರು ಮಾಡೋ ಯೋಚನೆ. ಮೊದಲು ಗುರುತು ಪರಿಚಯದವರಿಗೆ, ಆಮೇಲೆ ಹತ್ತಿರದ ಕಾಂಡಿಮೆಂಟ್ಸ್ ಅಂಗಡಿಗಳಿಗೆ. ರುಚಿ ಬಗ್ಗೆ ಚಿಂತೆ ಇಲ್ಲ. ತಿಳಿಯದೇ ಇರೋದು ಇವು: ಯಾವ ಯಾವ ನೋಂದಣಿ ನಿಜವಾಗಿ ಬೇಕು? ಪೊಟ್ಟಣದಲ್ಲಿ ಪುಡಿ ಗಂಟಾಗದೆ, ಕಮಟಾಗದೆ ಎರಡು ತಿಂಗಳು ಇರಬೇಕಾದರೆ ಏನು ಮಾಡಬೇಕು? 200 ಗ್ರಾಂಗೆ ಎಷ್ಟು ಬೆಲೆ ಇಡೋದು? ಅಂಗಡಿಯವರು ಎಷ್ಟು ಪರ್ಸೆಂಟ್ ಕೇಳ್ತಾರೆ? ಸುಮ್ಮನೆ ಧೈರ್ಯ ಹೇಳೋದು ಬೇಡ, ಅಳತೆ ಸಮೇತ ಹೇಳಿ.

ಹುರಿದ ಬೇಳೆ

ಎರಡನೇ ಪ್ರಶ್ನೆಯಿಂದ ಶುರು ಮಾಡ್ತೀನಿ. ಮನೆ ಪುಡಿ ವ್ಯಾಪಾರ ಮುಳುಗೋದು ರುಚಿಯಿಂದಲ್ಲ, ತೇವದಿಂದ. ಒಂದೊಂದು ಸಾಮಾನೂ ಬೇರೆ ಬೇರೆ ದಾರಿಯಲ್ಲಿ ತೇವ ತರತ್ತೆ.

ಬೇಳೆ: 12 ಇಂಚಿನ ಬಾಣಲೆಗೆ ಒಂದು ಸಲಕ್ಕೆ 500 ಗ್ರಾಂಗಿಂತ ಹೆಚ್ಚು ಹಾಕಬೇಡಿ. ಹೆಚ್ಚಾದರೆ ಮೇಲೆ ಕೆಂಪಗೆ, ಒಳಗೆ ಹಸಿ. ಬಣ್ಣ ನೋಡಿ ಇಳಿಸೋದಲ್ಲ, ನಾಲ್ಕು ಕಾಳು ತೆಗೆದು ಆರಿಸಿ ಕಚ್ಚಿ ನೋಡಿ. ಕಟುಂ ಅಂದರೆ ಆಯ್ತು, ಹಲ್ಲಿಗೆ ಅಂಟಿದರೆ ಇನ್ನೂ ಐದು ನಿಮಿಷ ಸಣ್ಣ ಉರಿ.

ಕರಿಬೇವು: ಇದೇ ದೊಡ್ಡ ಕಳ್ಳ. ತೊಳೆದು ಬಟ್ಟೆ ಮೇಲೆ ಒಂದು ದಿನ ನೆರಳಲ್ಲಿ ಹರಡಿ, ಆಮೇಲೆ ಹುರಿಯಿರಿ. ಬೆರಳಲ್ಲಿ ಉಜ್ಜಿದರೆ ಪುಡಿಯಾಗಬೇಕು. ಮಡಚಿಕೊಂಡರೆ ಇನ್ನೂ ನೀರಿದೆ.

ಹುಣಸೆಹಣ್ಣು: ಬೀಜ, ನಾರು ತೆಗೆದು ಚೂರು ಮಾಡಿ, ಬಿಸಿ ಬಾಣಲೆಯಲ್ಲಿ ಗರಿಗರಿಯಾಗೋವರೆಗೆ ಆಡಿಸಿ. ಒಂಟಿಯಾಗಿ ರುಬ್ಬಿದರೆ ಜಾರ್‌ಗೆ ಮೆತ್ತಿಕೊಳ್ಳತ್ತೆ. ಹುರಿದ ಉಪ್ಪು ಮತ್ತು ಮೆಣಸಿನಕಾಯಿ ಜೊತೆ ರುಬ್ಬಿ.

ಉಪ್ಪು: ಕಲ್ಲುಪ್ಪನ್ನ ಚಟಪಟ ಸದ್ದು ನಿಲ್ಲೋವರೆಗೆ ಹುರಿಯಿರಿ. ಮಳೆಗಾಲದಲ್ಲಿ ಇದನ್ನ ಬಿಟ್ಟರೆ ಪುಡಿ ಹೆಪ್ಪುಗಟ್ಟತ್ತೆ.

ಬೆಲ್ಲ: ಗಾಳಿಯ ತೇವ ಎಳೆಯೋ ಪದಾರ್ಥ. ಅಚ್ಚು ಬೆಲ್ಲ ತುರಿದು ಹಾಕಬೇಡಿ, ಒಣ ಪುಡಿ ಬೆಲ್ಲ ತಗೊಳ್ಳಿ, ಕೊನೇಲಿ ಎರಡು ಸುತ್ತು ಮಾತ್ರ ತಿರುಗಿಸಿ. ಎರಡು ತಿಂಗಳು ಇರಬೇಕು ಅಂದರೆ ಬೆಲ್ಲ ಇಲ್ಲದ ಚಟ್ನಿಪುಡಿಯಿಂದಲೇ ಶುರು ಮಾಡೋದು ಜಾಣತನ.

ಒಣಕೊಬ್ಬರಿ: ಇದರ ತೊಂದರೆ ತೇವಕ್ಕಿಂತ ಎಣ್ಣೆ. ಗಾಳಿ, ಬೆಳಕು, ಶಾಖ ಮೂರೂ ಸೇರಿ ಕಮಟು ಮಾಡತ್ತೆ. ಪ್ರತಿ ಗಿಟುಕನ್ನೂ ಒಡೆದು ಒಳಗೆ ನೋಡಿ. ಬೂಷ್ಟು ಇದ್ದದ್ದನ್ನ ಕೆರೆದು ಬಳಸಬೇಡಿ, ಇಡೀ ಗಿಟುಕು ಎಸೆಯಿರಿ. ತುರಿದು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಸಾಕು. ಕೊನೆಯಲ್ಲಿ ಸೇರಿಸಿ ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆ.

ಎಲ್ಲಕ್ಕಿಂತ ಮುಖ್ಯ ಆರಿಸೋದು. ಹುರಿದ ಮೇಲೆ ಒಂದು ಸಲ, ಪುಡಿ ಮಾಡಿದ ಮೇಲೆ ಇನ್ನೊಂದು ಸಲ. ಸ್ಟೀಲ್ ತಟ್ಟೆಯಲ್ಲಿ ಒಂದು ಇಂಚು ದಪ್ಪಕ್ಕೆ ಹರಡಿ, ಮೇಲೆ ತೆಳು ಬಟ್ಟೆ. ಅಂಗೈ ಹಿಂಭಾಗ ಇಟ್ಟರೆ ಬೆಚ್ಚಗೆ ತಾಕಬಾರದು. ಬೆಚ್ಚಗಿದ್ದಾಗಲೇ ಸೀಲ್ ಮಾಡಿದರೆ ಒಳಗೆ ಆವಿ ಕಟ್ಟಿ, ಹದಿನೈದು ದಿನದಲ್ಲಿ ಮೂಲೆಯಲ್ಲಿ ಬಿಳಿ ಬೂಷ್ಟು ಕಾಣಿಸತ್ತೆ. ಗಿರಾಕಿ ಬೈಯೋದು ಬೇಳೆಯನ್ನಲ್ಲ, ನಿಮ್ಮನ್ನ.

ಯಾರ್ಡ್ ಗಿರಾಕಿ

ಮೇಲಿನದಕ್ಕೆ ಸೇರಿಸ್ತೀನಿ. ಬ್ಯಾಡಗಿ ಮೆಣಸಿನಕಾಯಿ ತಗೊಳ್ಳೋವಾಗ ಕಡ್ಡಿ, ಡಬ್ಬಿ ಅಂತ ಎರಡು ಬಗೆ ಬರತ್ತೆ. ಡಬ್ಬಿ ಗಿಡ್ಡ, ದಪ್ಪ, ಬಣ್ಣ ಜಾಸ್ತಿ. ಕಡ್ಡಿ ಉದ್ದ, ಸುಕ್ಕು. ಎರಡಕ್ಕೂ ಖಾರ ಕಮ್ಮಿ, ಹಾಗಾಗಿ ಖಾರಕ್ಕೆ ಗುಂಟೂರು ಬೆರೆಸಲೇಬೇಕು. ಬ್ಯಾಡಗಿ ನಾಲ್ಕು ಪಾಲಿಗೆ ಗುಂಟೂರು ಒಂದು ಪಾಲು ಬೆಂಗಳೂರಿನ ನಾಲಿಗೆಗೆ ಸಾಕು. ಹೊಸ ಕಾಯಿ ಬ್ಯಾಡಗಿ ಮಾರುಕಟ್ಟೆಗೆ ಜನವರಿಯಿಂದ ಏಪ್ರಿಲ್‌ವರೆಗೆ ಜೋರಾಗಿ ಬರತ್ತೆ, ಆಗಲೇ ಆರು ತಿಂಗಳಿಗೆ ಆಗೋಷ್ಟು ತಗೊಂಡು ಎರಡು ದಿನ ಬಿಸಿಲಿಗೆ ಹಾಕಿ ಗಾಳಿಯಾಡದ ಡಬ್ಬದಲ್ಲಿ ಇಡಿ. ಚೀಲ ಕೊಳ್ಳೋ ಮುಂಚೆ ಒಂದು ಹಿಡಿ ಎತ್ತಿ ಅಲ್ಲಾಡಿಸಿ. ಬೀಜ ಗಲಗಲ ಅಂದರೆ ಒಣಗಿದೆ. ಮೆತ್ತಗಿದ್ದರೆ ತೂಕಕ್ಕೆ ನೀರು ಚಿಮುಕಿಸಿದ್ದಾರೆ ಅಂತ ಲೆಕ್ಕ.

ಬೇಳೆಕಾಳು, ಮಸಾಲೆಗೆ ಯಶವಂತಪುರ ಎಪಿಎಂಸಿ ಯಾರ್ಡು, ಇಲ್ಲ ತರಗುಪೇಟೆ. ಐದು ಕೆಜಿ ಕೊಳ್ಳೋಕೆ ಯಶವಂತಪುರದವರೆಗೆ ಹೋದರೆ ಆಟೋ ಖರ್ಚಲ್ಲೇ ಉಳಿತಾಯ ಮುಗಿಯತ್ತೆ. 25 ಕೆಜಿ ಮೂಟೆ ಲೆಕ್ಕದಲ್ಲಿ ಕೊಳ್ಳೋ ಹಾಗಿದ್ದರೆ ಮಾತ್ರ ಹೋಗಿ.

ಅಳತೆ ತೂಕ

ನೋಂದಣಿ ವಿಷಯ. ಆಹಾರ ಮಾರೋರಿಗೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಅನುಮತಿ ಕಡ್ಡಾಯ, ಮನೆಯಿಂದಲಾದರೂ, ವಾಟ್ಸಾಪ್ ಗುಂಪಲ್ಲಿ ಮಾರಿದರೂ. ಚಿಕ್ಕವರಿಗೆ ಬೇಕಾಗಿರೋದು ಲೈಸೆನ್ಸ್ ಅಲ್ಲ, ಬೇಸಿಕ್ ರಿಜಿಸ್ಟ್ರೇಷನ್. ಅವರದ್ದೇ ಫಾಸ್ಕಾಸ್ ಪೋರ್ಟಲ್‌ನಲ್ಲಿ ಫಾರ್ಮ್ ಎ ತುಂಬಬೇಕು. ಫೋಟೊ, ಗುರುತಿನ ಚೀಟಿ, ವಿಳಾಸದ ದಾಖಲೆ, ತಯಾರಿಸೋ ಪದಾರ್ಥಗಳ ಪಟ್ಟಿ. 2011ರ ನಿಯಮದಲ್ಲಿ ವರ್ಷಕ್ಕೆ 12 ಲಕ್ಷದವರೆಗಿನ ವಹಿವಾಟಿಗೆ ಇದು ಅಂತಿತ್ತು, ಶುಲ್ಕ ವರ್ಷಕ್ಕೆ 100 ರೂಪಾಯಿ ಇತ್ತು. ಮಿತಿ, ಶುಲ್ಕ ತಿದ್ದುಪಡಿ ಆಗ್ತಾ ಇರತ್ತೆ, ಅರ್ಜಿ ಹಾಕೋ ದಿನ ಪೋರ್ಟಲ್ ಏನು ತೋರಿಸತ್ತೋ ಅದೇ ಲೆಕ್ಕ. ಮಧ್ಯವರ್ತಿಗಳು ಇದಕ್ಕೇ ಎರಡು, ಮೂರು ಸಾವಿರ ಕೇಳ್ತಾರೆ, ಕೊಡಬೇಡಿ. ಫೋನಿನಲ್ಲೇ ಮುಗಿಯೋ ಕೆಲಸ.

ಸಿಗೋದು 14 ಅಂಕಿಯ ಸಂಖ್ಯೆ. ರಿಜಿಸ್ಟ್ರೇಷನ್ ಆದರೆ 2ರಿಂದ, ಲೈಸೆನ್ಸ್ ಆದರೆ 1ರಿಂದ ಶುರು. ಅಂಗಡಿಯವರು ಮೊದಲು ನೋಡೋದೇ ಇದನ್ನ.

ಬಾಡಿಗೆ ಮನೆ ಅಂದಿರಿ. ಕರಾರುಪತ್ರದಲ್ಲಿ ವಾಸಕ್ಕೆ ಮಾತ್ರ ಅಂತ ಇರತ್ತೆ. ಮಾಲೀಕರಿಂದ ಒಂದು ಪುಟದ ಒಪ್ಪಿಗೆ ಪತ್ರ ಮೊದಲೇ ಬರೆಸಿಕೊಳ್ಳಿ. ಅರ್ಜಿಗೂ ಆಗತ್ತೆ, ನಾಳೆ ಜಗಳಕ್ಕೂ ಆಗತ್ತೆ.

ಗಾಂಧಿಬಜಾರ್ ಚೀಲ

12 ಲಕ್ಷದ ಒಳಗೆ ಇದ್ದರೆ ಏನೂ ಬೇಡ ಅಂತ ನಮ್ಮ ಕಡೆ ಹೇಳ್ತಾರಲ್ಲ ಸಾರ್?

ಅಳತೆ ತೂಕ

12 ಲಕ್ಷದ ಒಳಗೆ ಇದ್ದರೆ ಲೈಸೆನ್ಸ್ ಬೇಡ. ರಿಜಿಸ್ಟ್ರೇಷನ್ ಬೇಕೇ ಬೇಕು. ಇದನ್ನೇ ಎಲ್ಲರೂ ಕಲಸಿಕೊಳ್ಳೋದು.

ಲೇಬಲ್ ವಿಷಯ ಹೇಳಿಬಿಡ್ತೀನಿ, ಅಂಗಡಿಯಲ್ಲಿ ಸಿಕ್ಕಿಬೀಳೋದು ಇಲ್ಲೇ. ಇರಬೇಕಾದದ್ದು: ಪದಾರ್ಥದ ಹೆಸರು, ತಯಾರಕರ ಪೂರ್ತಿ ವಿಳಾಸ, ನಿವ್ವಳ ತೂಕ, ತಯಾರಿಸಿದ ದಿನಾಂಕ, ಯಾವತ್ತಿನ ಒಳಗೆ ಬಳಸಬೇಕು ಅನ್ನೋ ದಿನಾಂಕ, ಬ್ಯಾಚ್ ಸಂಖ್ಯೆ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಗ್ರಾಂಗೆ ಎಷ್ಟು ಅನ್ನೋ ಘಟಕ ಬೆಲೆ, ದೂರು ಹೇಳೋಕೆ ಫೋನ್ ಮತ್ತು ಇಮೇಲ್, ಎಫ್‌ಎಸ್‌ಎಸ್‌ಎಐ ಗುರುತು ಹಾಗೂ ಸಂಖ್ಯೆ, ಹಸಿರು ಚೌಕದೊಳಗೆ ಹಸಿರು ಚುಕ್ಕೆ, ಪದಾರ್ಥಗಳ ಪಟ್ಟಿ.

ತಪ್ಪೋ ಜಾಗಗಳು ಇವು. ‘ಬೆಸ್ಟ್ ಬಿಫೋರ್ 2 ಮಂತ್ಸ್’ ಅಂತ ಮಾತ್ರ ಹಾಕಿದರೆ ಸಾಲದು, 2020ರ ಲೇಬಲಿಂಗ್ ನಿಯಮದ ಪ್ರಕಾರ ಎಕ್ಸ್‌ಪೈರಿ ಅಥವಾ ಯೂಸ್ ಬೈ ಕಡ್ಡಾಯ, ಬೆಸ್ಟ್ ಬಿಫೋರ್ ಬೇಕಿದ್ದರೆ ಜೊತೆಗೆ ಹಾಕಬಹುದು. ಗ್ರಾಂಗೆ ಇಂಗ್ಲಿಷಿನ ಒಂದೇ ಚಿಕ್ಕಕ್ಷರ ‘ಜಿ’, ‘ಜಿಎಂಎಸ್’ ಅಂತ ಹಾಕೋದು ಕಾನೂನು ಮಾಪನ (ಅಳತೆ ತೂಕ) ಇಲಾಖೆ ಲೆಕ್ಕದಲ್ಲಿ ತಪ್ಪು. ಪದಾರ್ಥಗಳನ್ನ ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕು, ಹೆಚ್ಚಿರೋದು ಮೊದಲು. ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಲೇಬೇಕು ಅನ್ನತ್ತೆ ನಿಯಮ, ಕನ್ನಡ ಅದರ ಜೊತೆಗೆ. ಹೆಸರು ದೊಡ್ಡದಾಗಿ ಕನ್ನಡದಲ್ಲಿರಲಿ, ಹಿಂಭಾಗದ ವಿವರ ಎರಡರಲ್ಲೂ.

ಅಲರ್ಜಿ ಸೂಚನೆ ಮರೀಬೇಡಿ. ಚಟ್ನಿಪುಡಿಗೆ ಕಡಲೆಕಾಯಿ ಹಾಕಿದರೆ ಅದನ್ನ ಹೇಳಲೇಬೇಕು. ಯಾರೂ ನೆನೆಸದ ಇನ್ನೊಂದು: ಇಂಗು. ಅಂಗಡಿಯ ಡಬ್ಬಿ ಇಂಗು ಸಾಮಾನ್ಯವಾಗಿ ಬರೀ ಇಂಗಲ್ಲ, ಬೇರೆ ಪದಾರ್ಥ ಕೂಡಿಸಿದ ಇಂಗು (ಕಾಂಪೌಂಡೆಡ್), ಅದರಲ್ಲಿ ಗೋಂದು ಮತ್ತು ಮೈದಾ ಇರತ್ತೆ. ಡಬ್ಬಿ ಓದಿ. ಗೋಧಿ ಇದ್ದರೆ ನಿಮ್ಮ ಹುಳಿಪುಡಿಯಲ್ಲೂ ಗೋಧಿ ಇದೆ ಅಂತಲೇ ಅರ್ಥ, ‘ಗ್ಲುಟನ್ ಫ್ರೀ’ ಅಂತ ಹಾಕೋ ಹಾಗಿಲ್ಲ. ‘ಸಕ್ಕರೆ ಕಾಯಿಲೆಗೆ ಒಳ್ಳೇದು’, ‘100% ಶುದ್ಧ’ ಇಂಥವೂ ಬೇಡ.

ಸೀಲರ್ ಸದ್ದು

ಪೊಟ್ಟಣಕ್ಕೆ ಬರೋಣ. ಮಾಮೂಲು ಪಾರದರ್ಶಕ ಪ್ಲಾಸ್ಟಿಕ್ ಕವರ್ ನೀರು ತಡೆಯತ್ತೆ, ವಾಸನೆ ಮತ್ತು ಗಾಳಿ ತಡೆಯಲ್ಲ. ಇಂಗು ಹಾಕಿದ ಪೊಟ್ಟಣ ಅಲಮಾರಿಯಲ್ಲಿಟ್ಟರೆ ಇಡೀ ಅಲಮಾರಿ ಘಮ್ಮನ್ನತ್ತಲ್ಲ, ಅದೇ ಸಾಕ್ಷಿ. ವಾಸನೆ ಹೊರಗೆ ಹೋಗ್ತಿದೆ ಅಂದರೆ ಆಮ್ಲಜನಕ ಒಳಗೆ ಬರ್ತಿದೆ. ಕೊಬ್ಬರಿ ಇರೋ ಪುಡಿಗೆ ಪಾಲಿಯೆಸ್ಟರ್, ಅಲ್ಯುಮಿನಿಯಂ, ಪಾಲಿಥೀನ್ ಮೂರು ಪದರದ ಪೌಚ್ ತಗೊಳ್ಳಿ. ಸಾರಿನಪುಡಿಗೆ ಮೆಟಲೈಸ್ಡ್ (ಲೋಹದ ತೆಳು ಲೇಪ ಇರೋ) ಪೌಚ್ ಸಾಕು. ಕಿಟಕಿ ಇರೋ ಕ್ರಾಫ್ಟ್ ಕಾಗದದ ಪೌಚ್ ನೋಡೋಕೆ ಚೆಂದ, ಆದರೆ ಆ ಕಿಟಕಿಯಿಂದ ಬೆಳಕು ಬಿದ್ದು ಮೆಣಸಿನಕಾಯಿ ಬಣ್ಣ ಹೋಗತ್ತೆ.

ಅಳತೆ: 200 ಗ್ರಾಂಗೆ ಒಂದೇ ಸೈಜ್ ಅಂತಿಲ್ಲ. ಸಾರಿನಪುಡಿ ಭಾರ, ಕೊಬ್ಬರಿ ಚಟ್ನಿಪುಡಿ ಹಗುರ, ಜಾಗ ಜಾಸ್ತಿ ಬೇಕು. ಎರಡು ಮೂರು ಸೈಜು ಐವತ್ತೈವತ್ತು ತಂದು ನಿಮ್ಮ ಪುಡಿಯನ್ನೇ ತುಂಬಿ ನೋಡಿ. ತುಂಬಿದ ಮೇಲೆ ಬಾಯಿ ಹತ್ತಿರ ಎರಡು ಇಂಚು ಖಾಲಿ ಇರಬೇಕು. ಮಾಮೂಲ್‌ಪೇಟೆ ಸುತ್ತ ಬಿಡಿಯಾಗಿ ಸಿಗತ್ತೆ. ಹೆಸರು ಅಚ್ಚು ಹಾಕಿಸಿದ ಪೌಚ್ ಈಗಲೇ ಬೇಡ. ಸಾವಿರಾರು ಲೆಕ್ಕದಲ್ಲಿ ಮಾಡಿಸಬೇಕು, ವಿಳಾಸವೋ ಬೆಲೆಯೋ ಬದಲಾದರೆ ಅಷ್ಟೂ ರದ್ದಿ. ಖಾಲಿ ಪೌಚ್, ಮೇಲೆ ಅಂಟಿಸೋ ಲೇಬಲ್.

ಸೀಲರ್: 200 ಮಿಲಿಮೀಟರಿನ ಕೈ ಸೀಲರ್ ಸಾಕು, ಆದರೆ ಫಾಯಿಲ್ ಪೌಚಿಗೆ 5 ಮಿಮೀ ಅಗಲದ ಪಟ್ಟಿ ಇರೋದೇ ಬೇಕು. 2 ಮಿಮೀ ಪಟ್ಟಿಯದು ತೆಳು ಕವರ್‌ಗೆ ಮಾತ್ರ. ಗುಂಡಿಯನ್ನ ಕಡಿಮೆ ಅಂಕಿಯಿಂದ ಶುರು ಮಾಡಿ ಒಂದೊಂದೇ ಹೆಚ್ಚಿಸಿ. ಎಳೆದರೆ ಸೀಲ್ ಬಿಚ್ಚದೆ ಪೌಚೇ ಹರಿಯೋ ಮಟ್ಟ ಬಂದಾಗ ನಿಲ್ಲಿಸಿ. ದೀಪ ಆರಿದ ಮೇಲೂ ಎರಡು ಸೆಕೆಂಡ್ ಹಿಡಿ ಒತ್ತಿಯೇ ಇಡಿ, ಅಂಟು ಗಟ್ಟಿಯಾಗೋದು ಆರೋವಾಗ. ಇದನ್ನ ಬಿಟ್ಟವರೇ ‘ಮಷೀನ್ ಸರಿಯಿಲ್ಲ’ ಅನ್ನೋದು.

ಸೋರಿಕೆಗೆ ಮುಖ್ಯ ಕಾರಣ ಸೀಲ್ ಜಾಗದಲ್ಲಿ ಕೂತ ಪುಡಿ. ಅಗಲ ಬಾಯಿಯ ಲಾಳಿಕೆಯಿಂದ ತುಂಬಿ, ಒಣ ಬಟ್ಟೆಯಲ್ಲಿ ಬಾಯಿ ಒಳಭಾಗ ಒರೆಸಿ, ಆಮೇಲೆ ಸೀಲ್. ಅರ್ಧ ಸೆಂಟಿಮೀಟರ್ ಬಿಟ್ಟು ಇನ್ನೊಂದು ಸೀಲ್. ಪ್ರತಿ ಬ್ಯಾಚಿನಲ್ಲಿ ಎರಡು ಪೊಟ್ಟಣ ನೀರಿನ ಬೋಗುಣಿಯಲ್ಲಿ ಮುಳುಗಿಸಿ ಹಿಚುಕಿ, ಗುಳ್ಳೆ ಬಂದರೆ ಆ ಸಾಲು ಪೂರ್ತಿ ಮತ್ತೆ ಸೀಲ್ ಮಾಡಿ. ಸ್ಟೇಪ್ಲರ್ ಪಿನ್ ಅಡುಗೆಮನೆಯೊಳಗೇ ಬರಬಾರದು.

ಹೊಸ ಒಲೆ (ಬಸವನಗುಡಿ)

ಎಕ್ಸ್‌ಪೈರಿ ಎಷ್ಟು ದಿನ ಹಾಕಬೇಕು ಅನ್ನೋದನ್ನ ಹೇಗೆ ನಿರ್ಧರಿಸೋದು? ಲ್ಯಾಬಿಗೆ ಕೊಡಬೇಕಾ?

ಹುರಿದ ಬೇಳೆ

ಮೊದಲು ಮನೆಯಲ್ಲೇ ನೋಡಿ. ಒಂದು ಬ್ಯಾಚಿನ ಎಂಟು ಪೊಟ್ಟಣ ಎತ್ತಿಡಿ. ನಾಲ್ಕು ತಣ್ಣನೆ ಅಲಮಾರಿಯಲ್ಲಿ, ನಾಲ್ಕು ಫ್ರಿಜ್ ಮೇಲೋ ಬಿಸಿಲು ಬೀಳೋ ಕಿಟಕಿ ಹತ್ತಿರವೋ. 15, 30, 45, 60ನೇ ದಿನ ಒಂದೊಂದು ಬಿಚ್ಚಿ. ಬಿಚ್ಚಿದ ಕೂಡಲೇ ಮೂಸಿ, ಆಮೇಲೆ ಬಿಸಿ ಅನ್ನಕ್ಕೆ ಕಲಸಿ ತಿನ್ನಿ. ಕಮಟು ಬಿಸಿಗೆ ಬೇಗ ಗೊತ್ತಾಗತ್ತೆ. ಬಿಸಿ ಜಾಗದ ಪೊಟ್ಟಣ ಯಾವ ದಿನ ಕೆಟ್ಟಿತೋ ಅದಕ್ಕಿಂತ ಹದಿನೈದು ದಿನ ಮೊದಲಿನದ್ದೇ ನಿಮ್ಮ ಎಕ್ಸ್‌ಪೈರಿ, ಏಕೆಂದರೆ ಅಂಗಡಿಯ ಗಾಜಿನ ಶೋಕೇಸ್ ಅಷ್ಟೇ ಬಿಸಿ ಇರತ್ತೆ. ಇದನ್ನ ಬೇಸಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ಮಾಡಿ.

ಅಂಗಡಿಗಳಿಗೆ ಹೋಗೋ ಮುಂಚೆ ಎಫ್‌ಎಸ್‌ಎಸ್‌ಎಐ ಪಟ್ಟಿಯಲ್ಲಿರೋ ಲ್ಯಾಬಿನಲ್ಲಿ ತೇವಾಂಶ ಮತ್ತು ವಾಟರ್ ಆಕ್ಟಿವಿಟಿ (ಬೂಷ್ಟು, ಬ್ಯಾಕ್ಟೀರಿಯಾ ಕೈಗೆ ಸಿಗೋ ನೀರಿನ ಅಳತೆ) ಪರೀಕ್ಷೆ ಮಾಡಿಸಿ. ವಾಟರ್ ಆಕ್ಟಿವಿಟಿ 0.6ರ ಕೆಳಗೆ ಇದ್ದರೆ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯಲ್ಲ. ಕಮಟು ಮಾತ್ರ ಅದರಿಂದ ನಿಲ್ಲಲ್ಲ, ಅದು ಗಾಳಿ ಬೆಳಕಿನ ಕೆಲಸ.

ತರಗುಪೇಟೆ ಲೆಕ್ಕ

ಬೆಲೆ ವಿಷಯಕ್ಕೆ ಯಾರೂ ಕೈ ಹಾಕಿಲ್ಲ. ಕೆಳಗಿನ ದರಗಳು ಲೆಕ್ಕದ ದಾರಿ ತೋರಿಸೋಕೆ ಇಟ್ಟುಕೊಂಡವು, ನಿಮ್ಮ ಚೀಟಿಯ ದರ ಹಾಕಿಕೊಳ್ಳಿ. ಬೆಲ್ಲ ಹಾಕಿದ ಚಟ್ನಿಪುಡಿ, ಒಂದು ಬ್ಯಾಚು:

ಕಡಲೆಬೇಳೆ 1.5 ಕೆಜಿ, 135 ರೂ
ಉದ್ದಿನಬೇಳೆ 1 ಕೆಜಿ, 130 ರೂ
ಒಣಕೊಬ್ಬರಿ 750 ಗ್ರಾಂ, 225 ರೂ
ಬ್ಯಾಡಗಿ 500 ಗ್ರಾಂ, 175 ರೂ
ಗುಂಟೂರು 150 ಗ್ರಾಂ, 38 ರೂ
ಹುಣಸೆ 250 ಗ್ರಾಂ, 50 ರೂ
ಬೆಲ್ಲ 250 ಗ್ರಾಂ, 18 ರೂ
ಉಪ್ಪು 300 ಗ್ರಾಂ, 8 ರೂ
ಕರಿಬೇವು 20, ಇಂಗು 50, ಎಣ್ಣೆ 20 ರೂ

ಒಟ್ಟು 869 ರೂ. ಹಾಕಿದ್ದು ಹತ್ತಿರ ಹತ್ತಿರ 4.75 ಕೆಜಿ. ತೊಟ್ಟು, ಬೀಜ, ಹುರಿದಾಗ ಹೋಗೋ ನೀರು, ಜಾರ್‌ಗೆ ಅಂಟೋದು ಕಳೆದು ಕೈಗೆ ಬರೋದು 4.4 ಕೆಜಿ ಅಂತ ಇಟ್ಟುಕೊಳ್ಳಿ, ಅಂದರೆ 200 ಗ್ರಾಂನ 22 ಪೊಟ್ಟಣ. ಸಾಮಾನಿನ ಖರ್ಚು ಪೊಟ್ಟಣಕ್ಕೆ 39.50. ಪೌಚು, ಲೇಬಲ್ಲು 6.50. ಗ್ಯಾಸು, ಕರೆಂಟು ಬ್ಯಾಚಿಗೆ 60 ಅಂದರೆ 2.70.

ಇಲ್ಲಿಗೆ ನಿಲ್ಲಿಸಿ ‘49 ರೂಪಾಯಿ ಅಸಲು, 80ಕ್ಕೆ ಮಾರಿದರೆ 31 ಲಾಭ’ ಅಂತ ಕುಣಿಯೋರೇ ಹೆಚ್ಚು. ಬೇಳೆ ಆರಿಸೋದು, ಹುರಿಯೋದು, ತುಂಬೋದು, ಪಾತ್ರೆ ತೊಳೆಯೋದು ಸೇರಿ ಐದು ಗಂಟೆ ಕೆಲಸ. ಗಂಟೆಗೆ 100 ಇಟ್ಟರೂ ಪೊಟ್ಟಣಕ್ಕೆ 22.70. ನಾಳೆ ನಿಮಗೆ ಹುಷಾರಿಲ್ಲ ಅಂದರೆ ಆ ಕೆಲಸಕ್ಕೆ ಯಾರನ್ನೋ ಕರೆಯಲೇಬೇಕು, ಆಗ ದುಡ್ಡು ಎಲ್ಲಿಂದ ಬರತ್ತೆ? ಒಟ್ಟು 71.40. ಒಡೆದದ್ದು, ವಾಪಸ್ ಬಂದದ್ದು, ರುಚಿ ನೋಡೋಕೆ ಕೊಟ್ಟದ್ದು ಅಂತ ಶೇ 5 ಸೇರಿಸಿದರೆ 75.

ಈಗ ಎಂಆರ್‌ಪಿ 100 ಇಟ್ಟು ಅಂಗಡಿಗೆ ಶೇ 25 ಬಿಟ್ಟರೆ ನಿಮಗೆ ಬರೋದು 75. ಲಾಭ ಸೊನ್ನೆ. 120 ಇಟ್ಟರೆ ಅಂಗಡಿಗೆ 30, ನಿಮಗೆ 90, ಉಳಿಯೋದು 15. ಅದೇ ಪೊಟ್ಟಣ ನೇರವಾಗಿ ಮಾರಿದರೆ 45. ನೇರ ಗಿರಾಕಿಗೆ 90ಕ್ಕೆ ಕೊಟ್ಟು ಅಂಗಡಿಯಲ್ಲಿ 120 ಇಡೋದು ಮಾತ್ರ ಮಾಡಬೇಡಿ. ಅಂಗಡಿಯವರಿಗೆ ಗೊತ್ತಾದ ದಿನವೇ ಮಾಲು ವಾಪಸ್. ಕಡಿಮೆ ಮಾಡೋದಿದ್ದರೆ ಮೂರು ಪೊಟ್ಟಣದ ಕಟ್ಟಿಗೆ ಮಾಡಿ.

ಗಾಂಧಿಬಜಾರ್ ಚೀಲ

200 ಗ್ರಾಂ 120 ರೂಪಾಯಿ ಅಂದರೆ ಬ್ರಾಂಡೆಡ್ ಪುಡಿಗಿಂತ ಜಾಸ್ತಿ ಆಗಲ್ವಾ?

ತರಗುಪೇಟೆ ಲೆಕ್ಕ

ಆಗತ್ತೆ. ಟನ್‌ಗಟ್ಟಲೆ ಕೊಳ್ಳೋರ ಜೊತೆ ಬೆಲೆಯಲ್ಲಿ ಸೆಣಸೋಕೆ ಹೋಗಬೇಡಿ. ಕೊಬ್ಬರಿ ಪಾಲು, ಹುರಿದ ದಿನಾಂಕ ಲೇಬಲ್ ಮೇಲೆ ದೊಡ್ಡದಾಗಿ ಹಾಕಿ. 100 ಗ್ರಾಂ ಪೊಟ್ಟಣ ಬೇಕಿದ್ದರೆ ಮಾಡಿ, ಆದರೆ ಪೌಚು, ತುಂಬೋ ಕೆಲಸ ಅಷ್ಟೇ ಇರತ್ತೆ, ಹಾಗಾಗಿ ಅದಕ್ಕೆ 60 ಅಲ್ಲ, 70.

ಸಿಲಿಂಡರ್ ನೀಲಿ

ಗ್ಯಾಸ್ ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲ. ಮನೆಯ 14.2 ಕೆಜಿ ಸಿಲಿಂಡರ್ ವ್ಯಾಪಾರಕ್ಕೆ ಬಳಸೋ ಹಾಗಿಲ್ಲ, ವ್ಯಾಪಾರಕ್ಕೆ 19 ಕೆಜಿಯದ್ದು. ಲೆಕ್ಕದಲ್ಲಿ ಆ ದರವನ್ನೇ ಹಾಕಿಕೊಳ್ಳಿ. ಎರಡನೇ ಮಹಡಿಗೆ ಅದನ್ನ ಹತ್ತಿಸೋದು ಕಷ್ಟ ಅನಿಸಿದರೆ 2000 ವಾಟಿನ ಇಂಡಕ್ಷನ್ ಒಲೆ ನೋಡಿ, ಬೇಳೆ ಹುರಿಯೋಕೆ ಶಾಖ ಒಂದೇ ಸಮ ಸಿಗತ್ತೆ. ತಳ ಚಪ್ಪಟೆ ಇರೋ ಕಬ್ಬಿಣದ ಬಾಣಲೆ ಬೇಕು. ಕರೆಂಟು ಹೆಚ್ಚಾಗತ್ತೆ, ಗೃಹಜ್ಯೋತಿ ಗೃಹಬಳಕೆಗೆ ಮಾತ್ರ ಅನ್ನೋದು ನೆನಪಿರಲಿ. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು.

ಮೆಣಸಿನಕಾಯಿ ಘಾಟು ಇನ್ನೊಂದು. ಎರಡನೇ ಮಹಡಿಯ ಘಾಟು ಮೂರನೇ ಮಹಡಿಯ ಮಗುವಿಗೆ ಕೆಮ್ಮು. 250 ಗ್ರಾಂಗೆ ಒಂದು ಚಮಚ ಎಣ್ಣೆ ಸವರಿ, ಸಣ್ಣ ಉರಿಯಲ್ಲಿ, ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಹನ್ನೊಂದು ಗಂಟೆ ಹೊತ್ತಿಗೆ ಮಾಡಿ. ಬೇಸಗೆಯಲ್ಲಾದರೆ ಹುರಿಯೋದೇ ಬೇಡ, ತಾರಸಿ ಬಿಸಿಲು ಸಾಕು.

ಹುರಿದ ಬೇಳೆ

ಗಿರಣಿಗೆ ಕೊಡೋರಿಗೆ ಒಂದು ಮಾತು. ನಿಮ್ಮ ಮುಂಚೆ ಅದರಲ್ಲಿ ಏನು ಹಾಕಿದ್ರು ಅನ್ನೋದು ನಿಮ್ಮ ಪುಡಿಗೆ ಬರತ್ತೆ. ಮಸಾಲೆಗೇ ಬೇರೆ ಮಷೀನ್ ಇರೋ ಗಿರಣಿ ಹುಡುಕಿ, ಬೆಳಿಗ್ಗೆ ಮೊದಲ ಸರದಿ ಕೇಳಿ. ಮೊದಲ ಎರಡು ಹಿಡಿ ಬೇರೆ ತೆಗೆದಿಡಿ. ಕೊಬ್ಬರಿ ಮಾತ್ರ ಗಿರಣಿಗೆ ಬೇಡ, ಮನೆಯ ಮಿಕ್ಸಿಯಲ್ಲಿ ಮಾಡಿ ಬೆರೆಸಿ. ಗಿರಣಿಯಿಂದ ಬಂದ ಪುಡಿ ಕೈ ಸುಡೋಷ್ಟು ಬಿಸಿ ಇರತ್ತೆ, ಡಬ್ಬದ ಮುಚ್ಚಳ ಹಾಕಿಕೊಂಡು ತರಬೇಡಿ, ಬಟ್ಟೆ ಕಟ್ಟಿ ತನ್ನಿ.

ಲೆಕ್ಕದ ಪುಸ್ತಕ

ತೆರಿಗೆ. ಸರಕು ಮಾರೋರಿಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ. ತಿಂಗಳಿಗೆ 20 ಕೆಜಿ ಅಂದರೆ 100 ಪೊಟ್ಟಣ, 12,000 ರೂ. ಮಿತಿ ಬಹಳ ದೂರ. ಆದರೆ ಎರಡು ಗುಂಡಿಗಳಿವೆ.

ಒಂದು, ರಾಜ್ಯದ ಗಡಿ. ತೆರಿಗೆ ಬೀಳೋ ಸರಕನ್ನ ಹೊರರಾಜ್ಯದ ಗಿರಾಕಿಗೆ ಮಾರಿದರೆ 40 ಲಕ್ಷದ ಮಿತಿ ಅನ್ವಯಿಸಲ್ಲ, ಮೊದಲ ಪೊಟ್ಟಣದಿಂದಲೇ ನೋಂದಣಿ ಬೇಕು. ಮೈಸೂರು, ಬೆಳಗಾವಿ, ಬೀದರ್‌ಗೆ ಕೊರಿಯರ್ ಮಾಡಿ, ತೊಂದರೆ ಇಲ್ಲ. ಅತ್ತಿಬೆಲೆ ದಾಟಿ ಹೊಸೂರಿಗೆ ಮಾರಿದರೆ ಅದು ಬೇರೆ ರಾಜ್ಯ. ಆನ್‌ಲೈನ್ ವೇದಿಕೆಗಳಲ್ಲಿ ಜಿಎಸ್‌ಟಿ ಇಲ್ಲದೆ ಮಾರೋಕೆ 2023ರ ಅಕ್ಟೋಬರ್ 1ರಿಂದ ಅವಕಾಶ ಇದೆ, ಅದೂ ರಾಜ್ಯದ ಒಳಗೆ ಮಾತ್ರ. ಪ್ಯಾನ್ ಕೊಟ್ಟು ಜಿಎಸ್‌ಟಿ ಪೋರ್ಟಲ್‌ನಲ್ಲಿ ಎನ್‌ರೋಲ್‌ಮೆಂಟ್ ಸಂಖ್ಯೆ ತಗೋಬೇಕು.

ಎರಡು, ಯುಪಿಐ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ನವರಿಗೆ ನೋಟಿಸ್ ಕಳಿಸಿದ್ದು ಎಲ್ಲರಿಗೂ ನೆನಪಿದೆ. ಪಾಠ ಯುಪಿಐ ಬಿಡೋದಲ್ಲ. ಅಣ್ಣ ಕಳಿಸಿದ ಬಾಡಿಗೆ ದುಡ್ಡು, ಚೀಟಿ ದುಡ್ಡು, ಸಾಲ ವಾಪಸ್ ಬಂದದ್ದು, ಪುಡಿ ಮಾರಿದ್ದು ಎಲ್ಲ ಒಂದೇ ಖಾತೆಗೆ ಬಿದ್ದರೆ ಯಾವುದು ವ್ಯಾಪಾರದ್ದು ಅಂತ ನೀವೇ ತೋರಿಸಬೇಕಾಗತ್ತೆ. ವ್ಯಾಪಾರಕ್ಕೆ ಬೇರೆ ಖಾತೆ, ಬೇರೆ ಕ್ಯೂಆರ್, ಮೊದಲ ದಿನದಿಂದ.

ಆದಾಯ ತೆರಿಗೆಗೆ ಚಿಕ್ಕ ವ್ಯಾಪಾರಿಗಳ ಅಂದಾಜು ಲಾಭದ ನಿಯಮದ ಕೆಳಗೆ ಬ್ಯಾಂಕ್ ಮೂಲಕ ಬಂದದ್ದಕ್ಕೆ ಶೇ 6, ನಗದಿಗೆ ಶೇ 8 ಲಾಭ ಅಂತ ತೋರಿಸಬಹುದು, ದೊಡ್ಡ ಲೆಕ್ಕಪತ್ರ ಬೇಡ. ನಿಜ ಲಾಭ ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚೇ ತೋರಿಸಬೇಕು. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರದ್ದು) ಪುಕ್ಕಟೆ, ಆಧಾರ್ ಮತ್ತು ಪ್ಯಾನ್ ಸಾಕು. ಶಿಶು ಮುದ್ರಾ ಸಾಲ 50,000ದವರೆಗೆ ಕೇಳೋವಾಗ ಬ್ಯಾಂಕಿನವರು ಅದನ್ನೇ ಮೊದಲು ಕೇಳ್ತಾರೆ. ಆದರೆ ಇಪ್ಪತ್ತು ಕೆಜಿ ವ್ಯಾಪಾರಕ್ಕೆ ಸಾಲ ಯಾಕೆ?

ಅಳತೆ ತೂಕ

ತಕ್ಕಡಿ ಮರೆತಿದ್ದೀರಿ. ಅಡುಗೆಮನೆಯ ಪುಟ್ಟ ತಕ್ಕಡಿ ಪಾಕ ಅಳೆಯೋಕೆ ಸರಿ, ಮಾರೋಕಲ್ಲ. ಕಾನೂನು ಮಾಪನ ಇಲಾಖೆ ಮುದ್ರೆ ಇರೋದು ತಗೊಂಡು ವರ್ಷಕ್ಕೊಮ್ಮೆ ಮುದ್ರೆ ಹಾಕಿಸಿ. ಖಾಲಿ ಪೌಚ್ ಇಟ್ಟು ಸೊನ್ನೆ ಮಾಡಿಕೊಂಡು ತುಂಬಿ, 200 ಅಂತ ಬರೆದಿದ್ದರೆ 202 ತುಂಬಿ. ಫ್ಯಾನ್ ಕೆಳಗೆ ತೂಕ ಹಾಕಿದರೆ ಅಂಕಿ ಓಡಾಡತ್ತೆ.

ಬ್ಯಾಚ್ ಪುಸ್ತಕ ಇಡಿ. ದಿನಾಂಕ, ಯಾವ ಅಂಗಡಿಯ ಬೇಳೆ, ಯಾವ ಚೀಲದ ಮೆಣಸಿನಕಾಯಿ, ಎಷ್ಟು ಪೊಟ್ಟಣ, ಯಾರಿಗೆ ಹೋಯ್ತು. ಒಂದು ಪೊಟ್ಟಣದಲ್ಲಿ ಹುಳ ಅಂತ ಫೋನ್ ಬಂದರೆ ಉಳಿದ 21 ಎಲ್ಲಿವೆ ಅಂತ ಐದು ನಿಮಿಷದಲ್ಲಿ ಗೊತ್ತಾಗಬೇಕು.

ಹೊಸ ಒಲೆ (ಬಸವನಗುಡಿ)

ಎಲ್ಲ ಬರೆದುಕೊಂಡೆ. ಅಂಗಡಿಯವರ ಜೊತೆ ಮಾತಾಡೋವಾಗ ಏನು ಕೇಳಬೇಕು? ಕೊರಿಯರ್‌ಗೆ ಹೇಗೆ ಕಟ್ಟಬೇಕು?

ಕಾಂಡಿಮೆಂಟ್ಸ್ ಕೌಂಟರ್

ಅಂಗಡಿಯವರ ಕಡೆಯಿಂದ ಹೇಳ್ತೀನಿ. ಶೇ 20ರಿಂದ 30 ಕೇಳ್ತಾರೆ. ಪರ್ಸೆಂಟ್‌ಗಿಂತ ಮುಖ್ಯ ಹಣ ಯಾವಾಗ, ಉಳಿದ ಮಾಲು ಯಾರದ್ದು ಅನ್ನೋದು. ಹೊಸಬರಿಗೆ ‘ಮಾರಿದ ಮೇಲೆ ಹಣ’ ಅಂತಲೇ ಅಂತಾರೆ. ಒಪ್ಪಿಕೊಳ್ಳಿ, ಆದರೆ ಅಂಗಡಿಗೆ 12 ಪೊಟ್ಟಣಕ್ಕಿಂತ ಹೆಚ್ಚು ಇಡಬೇಡಿ, ಹದಿನೈದು ದಿನಕ್ಕೊಮ್ಮೆ ಹೋಗಿ ಎಣಿಸಿ. ಎರಡು ಪ್ರತಿಯ ಚಲನ್ ಪುಸ್ತಕ ಇಟ್ಟುಕೊಂಡು ಪ್ರತಿ ಸಲ ಸಹಿ ಹಾಕಿಸಿ, ಬಾಯಿಮಾತಿನ ಲೆಕ್ಕದಲ್ಲಿ ಎರಡು ಪೊಟ್ಟಣ ಸದಾ ಕಾಣೆಯಾಗತ್ತೆ. ಎಕ್ಸ್‌ಪೈರಿಗೆ ಇಪ್ಪತ್ತು ದಿನ ಇರೋವಾಗಲೇ ಹಳೇದನ್ನ ವಾಪಸ್ ತಗೊಂಡು ಹೊಸದು ಇಡಿ. ಹೊಸದನ್ನ ಹಿಂದೆ, ಹಳೇದನ್ನ ಮುಂದೆ ನೀವೇ ಜೋಡಿಸಿ, ಕೌಂಟರ್ ಹುಡುಗನಿಗೆ ಪುರುಸೊತ್ತಿರಲ್ಲ.

ಶನಿವಾರ, ಭಾನುವಾರ ಸಂಜೆ, ಹಬ್ಬದ ಹಿಂದಿನ ದಿನ ಮಾತಾಡೋಕೆ ಹೋಗಲೇಬೇಡಿ. ಮಂಗಳವಾರ, ಬುಧವಾರ ಮಧ್ಯಾಹ್ನ ಮೂರು ಗಂಟೆ ಸರಿಯಾದ ಹೊತ್ತು. ಲೇಬಲ್ ಹಾಕಿದ ಪೊಟ್ಟಣ ಒಂದು, ರುಚಿ ನೋಡೋಕೆ ಚಿಕ್ಕ ಡಬ್ಬಿ ಒಂದು, ರಿಜಿಸ್ಟ್ರೇಷನ್ ಪ್ರತಿ ಒಂದು ತಗೊಂಡು ಹೋಗಿ.

ಸೀಲರ್ ಸದ್ದು

ಕೊರಿಯರ್‌ಗೆ: 500 ಗ್ರಾಂ ಒಂದು ಹಂತ, ಅದನ್ನ ದಾಟಿದರೆ ದರ ಜಿಗಿಯತ್ತೆ. 200 ಗ್ರಾಂನ ಎರಡು ಪೊಟ್ಟಣ, ಪೌಚ್ ತೂಕ 20 ಗ್ರಾಂ, ಮೂರು ಪದರದ ಪುಟ್ಟ ರಟ್ಟಿನ ಡಬ್ಬ 60 ಗ್ರಾಂ, ಒಟ್ಟು 480. ಮೂರನೇ ಪೊಟ್ಟಣ ಹಾಕಿದರೆ ಒಂದು ಕೆಜಿ ದರ, ಆಗ ನಾಲ್ಕು ಪೊಟ್ಟಣ ಕೊಳ್ಳಿ ಅಂತ ಗಿರಾಕಿಗೆ ಹೇಳೋದೇ ಮೇಲು. ಡಬ್ಬದ ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರೋ ಕೆಜಿ ನಿಜ ತೂಕಕ್ಕಿಂತ ಹೆಚ್ಚಿದ್ದರೆ ಬಹುಪಾಲು ಕೊರಿಯರ್‌ಗಳು ಅದಕ್ಕೇ ದುಡ್ಡು ತಗೊಳ್ಳೋದು. 18, 12, 10ರ ಡಬ್ಬ ಅಂದರೆ 0.43 ಕೆಜಿ, ಸರಿಹೋಗತ್ತೆ. ದೊಡ್ಡ ಡಬ್ಬದಲ್ಲಿ ಪೇಪರ್ ತುರುಕಿ ಕಳಿಸಿದರೆ ಗಾಳಿಗೆ ದುಡ್ಡು ಕೊಟ್ಟಹಾಗೆ. ಪೌಚಿನೊಳಗಿನ ಗಾಳಿ ಅರ್ಧ ಹಿಂಡಿ ಸೀಲ್ ಮಾಡಿ, ಬಲೂನಿನಂತೆ ಉಬ್ಬಿದ್ದು ಮೇಲೊಂದು ಮೂಟೆ ಬಿದ್ದರೆ ಒಡೆಯತ್ತೆ. ಪ್ರತಿ ಪೌಚನ್ನೂ ಇನ್ನೊಂದು ತೆಳು ಕವರ್‌ನಲ್ಲಿ ಹಾಕಿ. ಒಂದು ಒಡೆದರೂ ಇನ್ನೊಂದರ ಲೇಬಲ್ ಕೆಂಪಾಗಲ್ಲ.

ಹೊಸ ಒಲೆ (ಬಸವನಗುಡಿ)

ಎಲ್ಲದಕ್ಕೂ ಪೌಚೇ ಅಂದಿರಿ, ಗಾಜಿನ ಬಾಟಲಿ ಬೇಡವೇ ಬೇಡವಾ? ಹಬ್ಬಕ್ಕೆ ಉಡುಗೊರೆ ಕೇಳೋರಿದ್ದಾರೆ.

ಸೀಲರ್ ಸದ್ದು

ಕೈಯಾರೆ ತಲುಪಿಸೋದಾದರೆ ಮಾಡಿ, ಕೊರಿಯರ್‌ಗೆ ಬೇಡ. ಬಾಟಲಿ ತೊಳೆದು ಓವನ್‌ನಲ್ಲೋ ಬಿಸಿಲಲ್ಲೋ ಪೂರ್ತಿ ಒಣಗಿಸಿ, ಮುಚ್ಚಳದ ಒಳಗಿನ ರಬ್ಬರ್ ಪಟ್ಟಿಯಲ್ಲಿ ನೀರು ಉಳಿಯತ್ತೆ, ಅದನ್ನ ಬಿಚ್ಚಿ ಒರೆಸಿ. ಪುಡಿಯನ್ನ ಮೊದಲು ಪೌಚಿನಲ್ಲಿ ಸೀಲ್ ಮಾಡಿ ಅದನ್ನೇ ಬಾಟಲಿಯೊಳಗೆ ಇಡೋದು ಇನ್ನೂ ಒಳ್ಳೇದು. ಬಾಟಲಿ ಖರ್ಚು 120ರ ಲೆಕ್ಕದಲ್ಲಿ ಇಲ್ಲ, ಬೇರೆ ಸೇರಿಸಿ. ಬೆಲೆ ಬದಲಾದರೆ ಗ್ರಾಂನ ಬೆಲೆಯೂ ಬದಲಾಗತ್ತೆ. 120ಕ್ಕೆ ಗ್ರಾಂಗೆ 60 ಪೈಸೆ ಅಂತ ಹಾಕಿದ ಹಳೇ ಲೇಬಲ್ಲನ್ನೇ ಬಾಟಲಿಗೆ ಅಂಟಿಸಬೇಡಿ.